ಉಣಕಲ್ ಸಿಂಹದ ಒಂಟಿ ಚಪ್ಪಲಿ

ಹಿಂದೂ ಮಹಾಸಾಗರದ ತಿಮಿಂಗಿಲಗಳು ನನ್ನ ಹೆಸರು ಕೇಳಿದರೆ ಎಡಕ್ಕೆ ಸರಿದು ದಾರಿ ಬಿಡುತ್ತವೆ. ಬಲಕ್ಕಲ್ಲ, ಎಡಕ್ಕೆ, ಹಾಗೆಂದು ನಾನೇ ಕಲಿಸಿದ್ದೇನೆ. ಒಂದು ಸಲ ನೀರಿನಡಿಯಲ್ಲಿ ನಾನು ಸೀನಿದ್ದಕ್ಕೆ ಲಕ್ಷದ್ವೀಪ ಒಂದು ಗೇಣು ಪಶ್ಚಿಮಕ್ಕೆ ಜರುಗಿತು, ಇನ್ನೂ ತನ್ನ ಜಾಗಕ್ಕೆ ಮರಳಿಲ್ಲ. ಇಷ್ಟನ್ನೂ ಸಾಧಿಸಿದ್ದು ಹುಬ್ಬಳ್ಳಿಯಲ್ಲಿ ಕೂತು. ನಲ್ಲಿಯಲ್ಲಿ ಎಂಟು ದಿನಕ್ಕೊಮ್ಮೆ ನೀರು ಬರುವ ಓಣಿಯಲ್ಲಿ, ನನ್ನದೇ ಮನೆಯ ಪಡಸಾಲೆಯಲ್ಲಿ.

ಹೆಸರು ಮಹಾರುದ್ರಪ್ಪ ಕೊಣ್ಣೂರ. ಹೊಟ್ಟೆಪಾಡಿಗೆ ಬೋರ್‌ವೆಲ್ ಪಂಪು ಮಾರುತ್ತೇನೆ. ನೆಲದೊಳಗೆ ಇಳಿದು, ಕೆಸರು ಕುಡಿದು, ತುಟಿಪಿಟಕ್ಕೆನ್ನದೆ ದುಡಿಯುವ ಆ ಪಂಪುಗಳ ಸಹವಾಸದಲ್ಲೇ ಆಳದ ಗುಣ ನನಗೆ ಅಂಟಿತು. ಸಮುದ್ರವನ್ನು ಕಣ್ಣಾರೆ ನೋಡಿದ್ದೀರಾ ಎಂದು ಕೆಲವರು ಕೇಳುತ್ತಾರೆ. ಜಲಾಂತರ್ಗಾಮಿಯ ಕ್ಯಾಪ್ಟನ್ ಸಮುದ್ರವನ್ನು ನೋಡುವುದಿಲ್ಲ ಸ್ವಾಮಿ, ಕೇಳುತ್ತಾನೆ. ಇಷ್ಟೂ ತಿಳಿಯದವರ ಜೊತೆ ನಾನು ಚಹಾ ಕೂಡ ಕುಡಿಯುವುದಿಲ್ಲ.

ಗಣಕದಲ್ಲಿ ಆಡುವ ಹಿಂದಿನ ಜಲಾಂತರ್ಗಾಮಿ ಆಟಗಳನ್ನು ನೀವು ನೋಡಿರಬೇಕು. ನೆನೆಸಿಕೊಂಡರೆ ನಗು ಬರುತ್ತದೆ. ಪರದೆಯ ಮೇಲೆ ನೀಲಿ ನೀರು, ಬಣ್ಣದ ಹವಳ, ಜೊತೆಗೊಂದು ಆಮೆ ಬೇರೆ! ಶತ್ರು ಎಲ್ಲಿದ್ದಾನೆಂದು ತೋರಿಸಲು ಕೆಂಪು ಬಾಣ. ಸತ್ತರೆ ಒಂದು ಗುಂಡಿ ಒತ್ತಿ ಮತ್ತೆ ಹುಟ್ಟುವುದು. ಅದು ಜಲಾಂತರ್ಗಾಮಿಯಲ್ಲ, ದಂತವೈದ್ಯರ ಬಾಗಿಲಲ್ಲಿ ಇಡುವ ಮೀನಿನ ತೊಟ್ಟಿ. ಆಡುವವರೂ ಅದಕ್ಕೆ ತಕ್ಕವರೇ. ಸುಲಭ, ಸಾಧಾರಣ, ಕಠಿಣ ಎಂದು ಮೂರು ಮಟ್ಟ ಕೊಟ್ಟರೆ, ಒಳಗೆ ಸುಲಭ ಆಡಿ ಹೊರಗೆ ಬಂದು ಕಠಿಣ ಆಡಿದೆ ಎನ್ನುವ ಪೈಕಿ. ಥೂ.

ಆಮೇಲೆ ಬಂತು ಕಾರ್ಗಡಲು.

ಕಾರ್ಗಡಲು ಎಂದರೆ ಎಲ್ಲೋ ಗಣಕಗಳ ಗೋದಾಮಿನಲ್ಲಿ ಹನಿಹನಿಯಾಗಿ ಕಟ್ಟಿ ಇಟ್ಟ ಒಂದೇ ಒಂದು ಸಮುದ್ರ. ಉಪ್ಪಿನ ಹದ, ಒತ್ತಡ, ಬೆಚ್ಚಗಿನ ನೀರಿನ ಕೆಳಗೆ ತಣ್ಣೀರಿನ ಪದರ, ಎಲ್ಲವೂ ಅದರಲ್ಲಿದೆ. ಆಡುವವರೆಲ್ಲ ಅದೇ ನೀರಿಗೆ ಇಳಿಯಬೇಕು. ಇಳಿಯುವುದಕ್ಕೆ ಮನೆಯಲ್ಲೊಂದು ಉಕ್ಕಿನ ಪೆಟ್ಟಿಗೆ ಕೂರಿಸುತ್ತಾರೆ, ಬೀರುವಿಗಿಂತ ತುಸು ದೊಡ್ಡದು. ಒಳಗೊಂದು ಕುರ್ಚಿ, ಆಳ ತೋರಿಸುವ ಮುಳ್ಳು, ಕಿವಿಗೆ ಹೆಡ್‌ಫೋನು. ಕಿಟಕಿಯಿಲ್ಲ, ನಕ್ಷೆಯಿಲ್ಲ, ಆಮೆಯಂತೂ ಇಲ್ಲವೇ ಇಲ್ಲ. ಇಳಿದಂತೆಲ್ಲ ಒಳಗಿನ ಗಾಳಿ ಮಂದವಾಗುತ್ತದೆ, ಗೋಡೆ ನರಳುತ್ತದೆ. ಗೋಡೆಯಲ್ಲಿ ಹುದುಗಿಸಿದ ಮೈಕುಗಳು ಪೆಟ್ಟಿಗೆಯೊಳಗಿನ ಪ್ರತಿ ಸದ್ದನ್ನೂ ಕಡಲಿಗೆ ಬಿಡುತ್ತವೆ. ನೀವು ಕೆಮ್ಮಿದರೆ ಹಡಗು ಕೆಮ್ಮಿದಂತೆ. ಆ ಕೆಮ್ಮು ನೀರಿನಲ್ಲಿ ಸಾಗಿ, ತಣ್ಣೀರಿನ ಪದರಕ್ಕೆ ಬಡಿದು ಬಾಗಿ, ಶತ್ರುವಿನ ಕಿವಿ ಮುಟ್ಟುತ್ತದೆ. ಆ ಕಡೆಯಿಂದ ಟಾರ್ಪಿಡೊ ಬರುತ್ತದೆ.

ಜನ್ಮ ಒಂದೇ. ಪೆಟ್ಟಿಗೆ ನಿಮ್ಮ ದನಿಯ ಗುರುತು ಹಿಡಿದಿರುತ್ತದೆ. ಮುಳುಗಿದಿರೋ, ಆ ದನಿಗೆ ಕಡಲು ಮತ್ತೆಂದೂ ತೆರೆಯುವುದಿಲ್ಲ. ಹೆಸರು ಬದಲಿಸಿ, ಊರು ಬದಲಿಸಿ, ಹೊರಳಾಡಿ ಅಳಿ, ಊಹೂಂ. ಹಡಗು ನೀರಿನಡಿ ಇರುವಾಗ ಕ್ಯಾಪ್ಟನ್ ಪೆಟ್ಟಿಗೆ ಬಿಟ್ಟು ಹೊರಬಂದರೆ ಅವನೂ ಮುಳುಗಿದಂತೆಯೇ. ಹಡಗು ಮಾತ್ರ ಉಳಿಯುತ್ತದೆ, ಅದೇ ಪೆಟ್ಟಿಗೆಯಿಂದ ಮುಂದಿನ ಆಜ್ಞೆ ಯಾರು ಕೊಡುತ್ತಾರೋ ಅವರದಾಗುತ್ತದೆ. ಶರಣಾಗಿ ನೀರಿನ ಮೇಲೆ ಬಂದವರ ಜೀವ ಉಳಿಯುತ್ತದೆ, ಮಾನ ಹೋಗುತ್ತದೆ: ಗೆದ್ದವರ ಹೆಸರು ಹಿಡಿದು, ಕಡಲಿನಲ್ಲಿರುವವರಿಗೆಲ್ಲ ಕೇಳುವಂತೆ ನಮಸ್ಕಾರ ಹೇಳಬೇಕು. ಬಹುಮಾನ, ಪದಕ, ಪಟಾಕಿ ಯಾವುದೂ ಇಲ್ಲ.

ಇದಕ್ಕೂ ಗೊಣಗಿದವರಿದ್ದರು. “ಅರ್ಧ ದಿನ ಕೂತರೂ ಏನೂ ಆಗೂದಿಲ್ರಿ, ಬರೇ ಗುಂಯ್ ಅಂತದ” ಎಂದು ಎದ್ದುಹೋದರು. ಏನೂ ಆಗದಿರುವುದೇ ಜಲಾಂತರ್ಗಾಮಿಯ ಕೆಲಸ ಎಂದು ತಿಳಿಯದ ಪೆದ್ದರು! ಅವರು ಹೋದಮೇಲೆ ನೀರು ತಿಳಿಯಾಯಿತು. ನಾನು ಉಳಿದೆ. ನನ್ನ ಹಡಗಿಗೆ ನಮ್ಮೂರ ಕೆರೆಯ ಹೆಸರಿಟ್ಟೆ, ಉಣಕಲ್ ಸಿಂಹ.

ನನ್ನ ಹಡಗಿನಲ್ಲಿ ಕಿವಿಯ ಕೆಲಸ ಗೌಸು ಮೊಹಿದ್ದೀನನದು. ಹಳೇ ಹುಬ್ಬಳ್ಳಿಯಲ್ಲಿ ಮದುವೆ ಮೆರವಣಿಗೆಗೆ ಧ್ವನಿವರ್ಧಕ ಬಾಡಿಗೆ ಕೊಡುವವನು. ತನ್ನ ಮನೆಯ ಪೆಟ್ಟಿಗೆಯಲ್ಲಿ ಕೂತು ದೂರದ ಸದ್ದು ಆಲಿಸಿ ನನಗೆ ಪಿಸುಗುಟ್ಟುತ್ತಾನೆ. ಕೆಟ್ಟವನಲ್ಲ. ಆದರೆ ನನ್ನ ಮುಂದೆ ಅವನ ಕಿವಿ ಎಂದರೆ ಆನೆಯ ಮುಂದೆ ಮೊಲದ ಕಿವಿ.

ಇನ್ನು ಮನೆ. ನೂರಕ್ಕೆ ನೂರು ನಿಜ ಬೇಕೆನ್ನುವವನ ಮನೆ ಹೇಗಿರಬೇಕೋ ಹಾಗಿತ್ತು. ಕುಕ್ಕರು ಕೂಗಬಾರದು. ಮಿಕ್ಸರು ಪಕ್ಕದ ಮನೆಗೆ ಹೋಗಬೇಕು. ಬಾಗಿಲ ಚಿಲಕಕ್ಕೆ ಎಣ್ಣೆ, ಕುರ್ಚಿಯ ಕಾಲಿಗೆ ಬಟ್ಟೆ, ಮಾತಿಗೆ ಕೈಸನ್ನೆ. ಬಂದ ನೆಂಟರು ಯಾರೋ ತೀರಿಕೊಂಡಿದ್ದಾರೆಂದು ತಿಳಿದು ಅಂಗಳದಲ್ಲೇ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಪೆಟ್ಟಿಗೆಯ ಮುಂದೊಂದು ನೀಲಿ ಪರದೆ ಇಳಿಬಿಟ್ಟಿದ್ದೆ. ನಾನು ಇಳಿದಿರುವಾಗ ಯಾರೂ ಅದರ ಹತ್ತಿರ ಸುಳಿಯಕೂಡದು ಎಂದು ಕಟ್ಟಾಜ್ಞೆ.

ಅಡ್ಡಿಯಿದ್ದದ್ದು ಒಂದೇ, ರೊಟ್ಟಿ. ನನ್ನ ಹೆಂಡತಿ ಕಸ್ತೂರಿ ಮನೆಯಲ್ಲೇ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾಳೆ. ಅವಳ ಜೊತೆ ನೀಲವ್ವ, ಹಸೀನಾ. ಮೂವರೂ ಸಾಲಾಗಿ ಕೂತು ಜೋಳದ ರೊಟ್ಟಿ ಬಡಿಯತೊಡಗಿದರೆ ಓಣಿಯ ತುದಿಗೆ ಕೇಳುತ್ತದೆ: ಟಪ ಟಪ ಟಪ. ಅಂಥ ಸದ್ದು ಕಡಲಿಗೆ ಬಿದ್ದರೆ ನನ್ನ ಗತಿ? ಬಡಿಯುವುದನ್ನು ನಿಲ್ಲಿಸಿ, ಸದ್ದಿಲ್ಲದೆ ಒತ್ತುವ ಯಂತ್ರ ತಂದಿಟ್ಟೆ. ಖಾನಾವಳಿಯವರು ಒಬ್ಬೊಬ್ಬರಾಗಿ ಬಿಟ್ಟರು. “ಅಕ್ಕಾರ, ಇದು ರೊಟ್ಟಿ ಅಲ್ರಿ, ಪುಸ್ತಕದ ರಟ್ಟು” ಎಂದು ಒಬ್ಬ ಬಾಗಿಲಲ್ಲೇ ಹೇಳಿಹೋದ. ಕೊನೆಗೆ ಉಳಿದದ್ದು ಒಂದು ಮದುವೆಮನೆಯ ಕೆಲಸ. ಅವರಿಗೆ ಕೈಯಲ್ಲಿ ಬಡಿದ ರೊಟ್ಟಿಯೇ ಆಗಬೇಕು. ಅದೂ ತಪ್ಪಿದರೆ ಒಲೆ ಆರಿಸಿ, ನೀಲವ್ವ ಹಸೀನಾರನ್ನು ಮನೆಗೆ ಕಳಿಸುವುದೇ.

“ಏನ್ರೀ,” ಎಂದಳು ಕಸ್ತೂರಿ ಒಂದು ದಿನ, “ಗೌಸಣ್ಣಾರ ಮನ್ಯಾಗೂ ಇಂಥಾದ ಪೆಟಗಿ ಐತಲ್ಲ? ಅಲ್ಲಿ ಟೀವಿ ಒದರತಿರ್ತದ, ಹುಡುಗ್ರು ಕುಣೀತಿರ್ತಾವ. ನಮ್ಮ ಮನಿ ಅಷ್ಟ ಯಾಕ ಸುಡಗಾಡ ಆಗೇತಿ?”

“ಗೌಸೂನ ಪೆಟಗಿ ಅಗ್ಗದ್ದು, ಕಿವುಡು. ನಂದು ಸೊಳ್ಳಿ ರೆಕ್ಕಿ ಬಡದ್ರೂ ಕೇಳ್ತದ. ನಿಜ ಅಂದ್ರ ಹಿಂಗ ಇರತೈತಿ.”

“ನಿಜ ಬೇಕಾಗಿದ್ರ ಕಾರವಾರಕ್ಕ ಹೋಗಿ ನೀರಾಗ ಬೀಳ್ರಿ. ಬಸ್ಸು ಬೇಕಾದಷ್ಟ ಅದಾವ. ಮತ್ತ ಆ ಒಂದ ಚಪ್ಪಲಿ ಯಾಕ ಒಳಗ ಒಯ್ತೀರಿ? ಇನ್ನೊಂದು ದಿನಾ ಅಂಗಳದಾಗ ಅನಾಥ ಬಿದ್ದಿರ್ತದ.”

“ಅದು ಹಳೇ ನಾವಿಕರ ಪದ್ಧತಿ. ಒಂದು ಚಪ್ಪಲಿ ನೆಲಕ್ಕ, ಒಂದು ನೀರಿಗೆ. ನಿನಗ ತಿಳಿಯೂದಿಲ್ಲ.”

“ಹೌದು, ನನಗ ಹಿಟ್ಟು ನಾದೂದು ಅಷ್ಟ ತಿಳೀತದ” ಎಂದು ಅವಳು ಒಳಗೆ ಹೋದಳು. ಹೆಂಗಸರಿಗೆ ಪದ್ಧತಿಯ ಬೆಲೆ ಎಲ್ಲಿಂದ ಗೊತ್ತಾಗಬೇಕು!

ಇಷ್ಟರಲ್ಲಿ ಮಲ್ಪೆಯ ಜಯಕರ ಮೆಂಡನ್ ಎಂಬಾತ ಕಡಲಿನಲ್ಲಿ ಮೆರೆಯತೊಡಗಿದ್ದ. ಮೀನುಗಾರರ ದೋಣಿಗಳ ಎಂಜಿನು ರಿಪೇರಿ ಮಾಡುವವನು. ಎಂಜಿನಿನ ಸದ್ದು ಕೇಳಿಯೇ ರೋಗ ಹೇಳುತ್ತಾನಂತೆ. ಹಡಗಿನ ಹೆಸರು ಬಂಗುಡೆ. ಹುರಿದು ತಿನ್ನುವ ಮೀನಿನ ಹೆಸರನ್ನು ಯುದ್ಧದ ಹಡಗಿಗೆ ಇಡುವವನ ಯೋಗ್ಯತೆ ಎಷ್ಟಿರಬೇಕು? ಒಂದು ಸಂಜೆ, ಎಲ್ಲರೂ ಮಾತಾಡುವ ರೇಡಿಯೊದಲ್ಲಿ ಅವನು ನನ್ನನ್ನು ತಡವಿದ.

“ಘಟ್ಟದ ಮೇಲೆ ಕೂತವರಿಗೆ ಸಮುದ್ರ ಎಂತದು ಅಂತ ಗೊತ್ತುಂಟಾ ಮಾರಾಯ್ರೆ? ನೀವು ಆ ಪಂಪಿನವರಲ್ವಾ? ಒಂದು ಬಕೆಟ್ ನೀರು ಹಿಡಿದು ಅದರಲ್ಲಿ ಮುಳುಗಿ. ಅಷ್ಟು ಸಾಕು ನಿಮಗೆ.”

“ನಿಮ್ಮ ಬಂಗುಡಿ ಹುರದು ರೊಟ್ಟಿ ಜೋಡಿ ತಿಂತೇನಿ!” ಎಂದೆ. ಹುಟ್ಟಿನಿಂದ ಸಸ್ಯಾಹಾರಿ ನಾನು. ಸಿಟ್ಟಿಗೆ ಅದೂ ಮರೆತಿತ್ತು.

“ಬುಧವಾರ ಬೆಳಿಗ್ಗೆ ಬನ್ನಿ ಹಾಗಾದ್ರೆ. ನೋಡುವ.”

ಬುಧವಾರ ಬೆಳಿಗ್ಗೆಯೇ ಮದುವೆಮನೆಯ ರೊಟ್ಟಿ. ಹಿಂದಿನ ರಾತ್ರಿ ಕಸ್ತೂರಿಯ ಮುಂದೆ ಕೂತು, ಒಂದು ದಿನ ತಡೆ ಎಂದು ಕೇಳಿದೆ. ಬೇಡಿದೆ ಎನ್ನುವುದಿಲ್ಲ. ಕ್ಯಾಪ್ಟನ್ ಬೇಡುವುದಿಲ್ಲ.

“ನಿಮ್ಮ ಸಮುದ್ರ ಬತ್ತಿ ಹೋಗಲಿ,” ಎಂದಳು. “ನಾಳೆ ನಾವು ಬಡಿಯವರ. ನೀವು ಮುಳುಗ್ರಿ, ತೇಲ್ರಿ.”

ಬುಧವಾರ. ಉಣಕಲ್ ಸಿಂಹವನ್ನು ನಾನು ಇಳಿಸಿದೆ. ಮುಳ್ಳು ಕೆಳಗೆ, ಇನ್ನೂ ಕೆಳಗೆ. ಬೆಚ್ಚಗಿನ ನೀರು ದಾಟಿ ತಣ್ಣೀರಿನ ಪದರದ ಅಡಿಗೆ ಹೋಗಿ ನಿಂತೆ. ಬೇರೆಯವರಾಗಿದ್ದರೆ ಅಲ್ಲಿ ಉಸಿರು ಕಟ್ಟಿ ಸಾಯುತ್ತಿದ್ದರು; ನಾನು ಆಕಳಿಸಿದೆ. ಗೋಡೆ ನರಳಿತು; ನಾನು ಅದಕ್ಕೆ ಸಮಾಧಾನ ಹೇಳಿದೆ.

“ಸಾವ್ಕಾರ್ರ,” ಗೌಸು ಪಿಸುಗುಟ್ಟಿದ, “ಮ್ಯಾಲೆ ಐತ್ರಿ ಬಂಗುಡಿ. ನಿಧಾನಕ್ಕ ಸುತ್ತ ಹಾಕಾಕತ್ತಾನ. ನಮ್ಮನ್ನ ಹುಡುಕಾಕತ್ತಾನ.”

“ಹುಡುಕಲಿ,” ಎಂದೆ.

“ನಮ್ಮ ಕಡೆನ ತಿರುಗಿದ್ರಿ! ಟಾರ್ಪಿಡೊ ಬಾಗಿಲಾ ತಗದಂಗಾತ್ರಿ!”

ಆಗ ನಾನು ಮಾಡಿದ ಕೆಲಸವನ್ನು ಜಗತ್ತಿನ ಯಾವ ಕ್ಯಾಪ್ಟನ್ನೂ ಮಾಡಿಲ್ಲ. ಬಲಗೈಯಿಂದ ಬಲತೊಡೆ, ಎಡಗೈಯಿಂದ ಎಡತೊಡೆ ಬಡಿಯತೊಡಗಿದೆ. ಮೂರನೆಯ ತಾಳವನ್ನು ನಾಲಗೆಯಿಂದ ಹೊಡೆದೆ. ಮೂರು ಬೇರೆ ಬೇರೆ ಲಯ. ಮೂರು ಭಾರೀ ಹಡಗುಗಳ ಪ್ರೊಪೆಲ್ಲರು ತಿರುಗಿದಂತೆ. ಆ ಸದ್ದು ಮೇಲಿನ ಪದರಕ್ಕೂ ಕೆಳಗಿನ ಕಲ್ಲಿಗೂ ಬಡಿದು ಸೀಳಿ, ಎಲ್ಲ ದಿಕ್ಕಿನಿಂದಲೂ ಮೆಂಡನ್ನನ ಕಿವಿಗೆ ಹೋಯಿತು. ತನ್ನನ್ನು ಒಂದು ನೌಕಾಪಡೆಯೇ ಸುತ್ತುವರಿದಿದೆ ಎಂದು ತಿಳಿದು ಅವನು ಬೆವತು, ನಡುಗಿ, ನೀರಿನ ಮೇಲೆ ಎದ್ದು ಶರಣಾಗಿ, ಕಡಲಿಗೆಲ್ಲ ಕೇಳುವಂತೆ ಕೂಗಿದ: “ಕ್ಯಾಪ್ಟನ್ ಮಹಾರುದ್ರಪ್ಪ ಕೊಣ್ಣೂರ ಅವರಿಗೆ ನನ್ನ—”

“ಏನಂತ ಕೂಗಿದಾ?”

ಇದು ಮೆಂಡನ್ನನ ದನಿಯಲ್ಲ. ನನ್ನ ಬೆನ್ನ ಹಿಂದಿನದು. ಇಷ್ಟು ಬರೆದು ತಲೆಯೆತ್ತಿದರೆ ಕಸ್ತೂರಿ ನಿಂತಿದ್ದಾಳೆ, ಕೈತುಂಬ ಹಿಟ್ಟು. ಪಕ್ಕದಲ್ಲಿ ಚಹಾದ ಕಪ್ಪು ಹಿಡಿದ ಗೌಸು. ಇಬ್ಬರೂ ಎಷ್ಟು ಹೊತ್ತಿನಿಂದ ಓದುತ್ತಿದ್ದರೋ.

“ತೊಡಿ ಬಡಕೊಂಡ್ರಂತ, ತೊಡಿ,” ಎಂದಳು. “ಗೌಸಣ್ಣಾ, ನೀವು ಕೇಳಿದ್ರೇನು ಇವರ ತೊಡಿ ಸಪ್ಪಳಾ?”

“ನಾ ಕೇಳಿದ್ದು ಬ್ಯಾರೇನ ಐತ್ರಿ ಅಕ್ಕಾರ,” ಎಂದ ಗೌಸು, ನಗು ತಡೆದು. “‘ಅಯ್ಯೋ ಯವ್ವಾ’ ಅಂತ ಕೇಳಿಸ್ತು. ಆಮ್ಯಾಲೆ ಏನೋ ಧಡಾರಂತ ಬಿತ್ತು.”

“ಬರೀರಿ,” ಎಂದಳು ಕಸ್ತೂರಿ. “ಚಪ್ಪಲಿಂದೂ ಬರೀರಿ. ನಾ ಇಲ್ಲೇ ನಿಂತಿರ್ತೇನಿ.”

ನಿಂತಿದ್ದಾಳೆ. ಆದ್ದರಿಂದ ಬರೆಯುತ್ತೇನೆ.

ನನಗೆ ಮುಚ್ಚಿದ ಬಾಗಿಲೆಂದರೆ ಹೆದರಿಕೆ. ಲಿಫ್ಟು ಹತ್ತುವುದಿಲ್ಲ, ಬಚ್ಚಲಿಗೂ ಚಿಲಕ ಹಾಕುವುದಿಲ್ಲ. ಆ ಉಕ್ಕಿನ ಪೆಟ್ಟಿಗೆಯ ಬಾಗಿಲನ್ನು ನಾನು ಒಂದು ದಿನವೂ ಪೂರ್ತಿ ಮುಚ್ಚಿದವನಲ್ಲ. ಸಂದಿಯಲ್ಲಿ ಒಂದು ಚಪ್ಪಲಿ ಸಿಕ್ಕಿಸುತ್ತಿದ್ದೆ, ಒಂದು ಬೆರಳಗಲ ಗಾಳಿ, ಒಂದು ಬೆರಳಗಲ ಬೆಳಕು. ಪರದೆ ಇಳಿಬಿಟ್ಟಿದ್ದು ಅದನ್ನು ಮುಚ್ಚಲು. ಆ ಸಂದಿಯಿಂದಲೇ ಮನೆಯ ಸದ್ದೆಲ್ಲ ಕಡಲಿಗೆ ಸೋರುತ್ತಿತ್ತು. ನಾವಿಕರ ಪದ್ಧತಿ ನನ್ನ ತಲೆಯಲ್ಲಿ ಹುಟ್ಟಿದ್ದು.

ಬುಧವಾರ ಗೌಸು ಟಾರ್ಪಿಡೊ ಎಂದ ಕೂಡಲೇ ಗೋಡೆ ಎರಡೂ ಕಡೆಯಿಂದ ಒತ್ತಿಬಂದ ಹಾಗಾಯಿತು. ಹೆಡ್‌ಫೋನು ಕಿತ್ತೆಸೆದು, ಚಪ್ಪಲಿ ಒದ್ದು, ಪರದೆ ಹರಿದುಕೊಂಡು ಓಡಿ ಅಡುಗೆಮನೆಯ ಹಿಟ್ಟಿನ ಚೀಲಗಳ ಹಿಂದೆ ಕೂತೆ. ಅಷ್ಟರಲ್ಲಿ ಮೂವರೂ ರೊಟ್ಟಿ ಬಡಿಯಲು ಶುರುಮಾಡಿದ್ದರು. ಪೆಟ್ಟಿಗೆಯ ಬಾಗಿಲು ಹಾರುಹೊಡೆದಿತ್ತು. ನಮ್ಮ ಇಡೀ ಅಡುಗೆಮನೆ ಸಮುದ್ರಕ್ಕೆ ಇಳಿದಿತ್ತು.

ನೆಲಕ್ಕೆ ಬಿದ್ದ ಹೆಡ್‌ಫೋನಿನಿಂದ ಗೌಸುವಿನ ದನಿ ಕಿರುಚುತ್ತಿತ್ತು. “ಸಾವ್ಕಾರ್ರ! ಇದ್ಯಾವ ಪ್ರೊಪೆಲ್ಲರ್ರೀ? ಮೂರ ಹಡಗ ಬಂದಾವ್ರಿ! ಮೆಂಡನ್ ನಿಂತಬಿಟ್ಟ! ಸಾವ್ಕಾರ್ರ, ಏನ್ ಮಾಡ್ಲಿ?”

ಕಸ್ತೂರಿ ನನ್ನನ್ನು ನೋಡಿದಳು. ಬೆರಳಿನಿಂದ ಪೆಟ್ಟಿಗೆ ತೋರಿಸಿದಳು. ನಾನು ಒಲ್ಲೆನೆಂದು ತಲೆಯಲ್ಲಾಡಿಸಿದೆ. ಅವಳೇ ಎದ್ದುಹೋಗಿ, ಹಿಟ್ಟಿನ ಕೈಯಲ್ಲೇ ಹೆಡ್‌ಫೋನು ಎತ್ತಿ ಪೆಟ್ಟಿಗೆಯಲ್ಲಿ ಕೂತಳು.

“ಗೌಸಣ್ಣಾ, ನಾ ಕಸ್ತೂರಿ. ಅವರು ಹೊರಗ ಬಂದಾರ. ಏನಾಗೇತಿ ಹೇಳ್ರಿ.”

“ಅಕ್ಕಾರ, ಏನೋ ಟಪಟಪ ಅನ್ನಾಕತ್ತೈತಿ, ಅದಕ್ಕ ಆ ಮನಷ್ಯಾ ಅಂಜ್ಯಾನ. ಎಲ್ಲಿಂದ ಬರಾಕತ್ತೈತಿ ತಿಳಿವಲ್ದು.”

“ಅದು ನಮ್ಮ ರೊಟ್ಟಿ,” ಎಂದಳು. ಆಮೇಲೆ ಅಡುಗೆಮನೆಯತ್ತ ತಿರುಗಿ ಕೂಗಿದಳು: “ನೀಲವ್ವಾ, ಹಸೀನಾ, ರೊಟ್ಟಿ ಹಲಗಿ ಎತಗೊಂಡು ಇಲ್ಲಿ ಬರ್ರಿ. ಬಾಗಿಲದಾಗ ಕೂಡ್ರಿ. ಜೋರ ಬಡೀರಿ. ಇಬ್ಬರೂ ಒಂದ ತಾಳ ಹಿಡೀಬ್ಯಾಡ್ರಿ, ಬ್ಯಾರೆ ಬ್ಯಾರೆ!” ತಾನೂ ಉಕ್ಕಿನ ಗೋಡೆಗೆ ಅಂಗೈ ಬಡಿಯತೊಡಗಿದಳು. ಎಷ್ಟೋ ತಿಂಗಳ ಮೌನವೆಲ್ಲ ಆ ಕೈಯಲ್ಲಿತ್ತು. ಹಿಟ್ಟಿನ ಚೀಲದ ಹಿಂದೆ ಕೂತ ನಾನೇ ಕಿವಿ ಮುಚ್ಚಿಕೊಂಡೆ. ಸಮುದ್ರದಲ್ಲಿದ್ದ ಮೆಂಡನ್ನನ ಗತಿ ಏನಾಗಿರಬೇಡ!

ಎಂಜಿನಿನ ರೋಗ ಹೇಳುವ ಅವನ ಕಿವಿಗೆ ಅಂಥ ಎಂಜಿನು ಗೊತ್ತಿರಲಿಲ್ಲ. ಅವನು ಶರಣಾಗಿ ನೀರಿನ ಮೇಲೆ ಬಂದು ರೇಡಿಯೊದಲ್ಲಿ ಕೇಳಿದ.

“ಯಾರು ಮಾರಾಯ್ರೆ ಅದು? ಎಷ್ಟು ಹಡಗುಂಟು ನಿಮ್ಮತ್ರ?”

“ಹಡಗು ಒಂದ. ಹೆಂಗಸರು ಮೂರ ಮಂದಿ,” ಎಂದಳು. “ನಾ ಕಸ್ತೂರಿ ಕೊಣ್ಣೂರ.”

“ಆ ಪಂಪಿನವರು ಎಲ್ಲಿ?”

“ಅದಾರ. ಹಿಟ್ಟಿನ ಚೀಲದ ಹಿಂದ.”

ಕಡಲಿನಲ್ಲಿದ್ದವರೆಲ್ಲ ಅದನ್ನು ಕೇಳಿದರು. ಆಮೇಲೆ ಮೆಂಡನ್ನನ ನಗುವನ್ನೂ ಕೇಳಿದರು. ನಕ್ಕು ಮುಗಿಸಿ, ಗಂಟಲು ಸರಿಮಾಡಿಕೊಂಡು ಅವನು ಹೇಳಿದ: “ಕ್ಯಾಪ್ಟನ್ ಕಸ್ತೂರಿ ಕೊಣ್ಣೂರರಿಗೆ ನಮಸ್ಕಾರ.”

ಗೆದ್ದ ಗದ್ದಲದಲ್ಲೂ ಅವಳು ಗೌಸುವನ್ನು ಕೇಳಿದ್ದು ಒಂದೇ ಪ್ರಶ್ನೆ. “ಅಲ್ರಿ, ನಿಮ್ಮ ಮನ್ಯಾಗ ಇಷ್ಟ ಗದ್ಲ ಇರ್ತದ, ಅದು ಸಮುದ್ರಕ್ಕ ಹೋಗೂದಿಲ್ಲೇನು?”

“ಬಾಗಿಲಾ ಹಾಕಿದ್ರ ಮುಗೀತಲ್ರಿ ಅಕ್ಕಾರ. ಬಾಂಬ್ ಬಿದ್ರೂ ಒಳಗ ಕೇಳೂದಿಲ್ಲ.”

ಕಸ್ತೂರಿ ಹೊರಗೆ ಬಂದು, ಪರದೆಯ ಕೆಳಗೆ ಬಿದ್ದ ನನ್ನ ಚಪ್ಪಲಿ ಎತ್ತಿದಳು. ನಡುವೆ ಬಾಗಿಲಂಚಿನ ಗೆರೆ ಆಳವಾಗಿ ಮೂಡಿತ್ತು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಬಾಗಿಲಾ ಮುಚ್ಚಾಕ ಅಂಜಿಕಿ ಬಂದು,” ಎಂದಳು ಮೆಲ್ಲಗೆ, “ನಮ್ಮ ಬಾಯಿ ಮುಚ್ಚಿಸಿದ್ರೇನು ಇಷ್ಟ ದಿನ? ಅಂಜಿಕಿ ಬರತೈತಿ ಅಂತ ಒಂದ ಮಾತ ಹೇಳಿದ್ರ ನಾನ ಬಾಗಲದಾಗ ಕೂಡತಿದ್ನಲ್ರಿ.”

ನಾನು ಹರಿದ ಪರದೆ ಎತ್ತಿ ಮಡಿಸಿಟ್ಟೆ.

ಮರುದಿನ ಯಾರೂ ಇಲ್ಲದ ಹೊತ್ತು ನೋಡಿ ಪೆಟ್ಟಿಗೆಯಲ್ಲಿ ಕೂತು ನನ್ನ ಹೆಸರು ಹೇಳಿದೆ. ಮುಳ್ಳು ಅಲ್ಲಾಡಲಿಲ್ಲ. ಗಟ್ಟಿಯಾಗಿ ಹೇಳಿದೆ, ಬೇರೆ ದನಿ ತೆಗೆದು ಹೇಳಿದೆ. ಕಡಲಿಗೆ ಮಹಾರುದ್ರಪ್ಪ ಕೊಣ್ಣೂರ ಮುಳುಗಿ ಸತ್ತವನು.

ಮದುವೆಮನೆಯ ರೊಟ್ಟಿ ಹೊತ್ತಿಗೆ ಸರಿಯಾಗಿ ಹೋಯಿತು. ಬಿಟ್ಟುಹೋದ ಖಾನಾವಳಿಗಳೂ ಮರಳಿದವು. ಒತ್ತುವ ಯಂತ್ರದ ಮೇಲೆ ಈಗ ಉಪ್ಪಿನಕಾಯಿ ಭರಣಿ ಕೂತಿದೆ. ಬೆಳಗ್ಗೆಯೆಲ್ಲ ಓಣಿಯ ತುದಿಗೆ ಕೇಳುವಂತೆ ಟಪ ಟಪ ಟಪ. ಎಸರು ಕಾಯಿಸುವ ಕೆಲಸ ನನ್ನದು. ರೊಟ್ಟಿಯನ್ನೂ ಬಡಿದು ನೋಡಿದೆ, ಲಕ್ಷದ್ವೀಪದಂತೆ ಚೂರುಚೂರಾಯಿತು.

ಮಧ್ಯಾಹ್ನ ಕೈ ತೊಳೆದುಕೊಂಡು ಕಸ್ತೂರಿ ಉಣಕಲ್ ಸಿಂಹಕ್ಕೆ ಇಳಿಯುತ್ತಾಳೆ. ಬಾಗಿಲು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಾಳೆ. ಆ ಬಾಗಿಲ ಸದ್ದಿಗೆ ನನಗೆ ಈಗಲೂ ಬೆನ್ನು ಬೆವರುತ್ತದೆ. ಒಳಗೆ ಅವಳು ಯಾವ ಆಳದಲ್ಲಿದ್ದಾಳೆ, ಯಾರನ್ನು ಬೆದರಿಸುತ್ತಿದ್ದಾಳೆ, ಹೊರಗೆ ಕೂತ ನನಗೆ ಒಂದಿಷ್ಟೂ ಕೇಳುವುದಿಲ್ಲ.

ತಿಮಿಂಗಿಲದ ವಿಷಯ ಉಳಿಯಿತು. ಅವು ನನಗೆ ದಾರಿ ಬಿಟ್ಟಿಲ್ಲ, ನಾನು ತಿಮಿಂಗಿಲವನ್ನು ನೋಡಿಯೂ ಇಲ್ಲ. ದಿನಾ ಮಧ್ಯಾಹ್ನ ಪೆಟ್ಟಿಗೆಯ ಮುಂದೆ ನಾನು ಅಡ್ಡ ನಿಂತಿರುತ್ತೇನೆ. ಕಸ್ತೂರಿ ಸೆರಗು ಸಿಕ್ಕಿಸಿಕೊಂಡು ಬಂದು, “ಸರೀರಿ” ಎನ್ನುತ್ತಾಳೆ.

ನಾನು ಸರಿಯುತ್ತೇನೆ. ಎಡಕ್ಕೆ.